ಬಯಲಿಗಿಳಿದ ಬ್ಯಾಲೆ

ಶರತ್ಕಾಲದ ಎಳೆಬಿಸಿಲು. ಬೆಳ್ಳಿಗರಿಯಂಥ ಹೂ ಬಿಟ್ಟ ಎತ್ತರದ ಹುಲ್ಲು ಗಾಳಿಗೆ ತೊನೆಯುತ್ತಿದೆ. ಅದರ ನಡುವೆ ತೆಳ್ಳನೆಯ ಯುವತಿಯೊಬ್ಬಳು ಕಾಲ್ಬೆರಳ ತುದಿಯ ಮೇಲೆ ನಿಂತು, ಬುಗುರಿಯ ಹಾಗೆ ಸುತ್ತಿ, ಹಕ್ಕಿಯ ಹಾಗೆ ನೆಗೆಯುತ್ತಾಳೆ. ಕೊರಿಯಾದ ಬ್ಯಾಲೆ ನರ್ತಕಿಯೊಬ್ಬಳನ್ನು ಬಯಲಿನಲ್ಲಿ ಕುಣಿಸಿ ಕಿರುಚಿತ್ರ ತೆಗೆದರೆ ನಮಗೆ ಕಾಣುವುದು ಇಂಥ ನೋಟ. ಮೂರೋ ನಾಲ್ಕೋ ನಿಮಿಷ, ಮುಗಿದೇ ಹೋಯಿತು! ನೋಡಿದವರು “ಆಹಾ, ಎಷ್ಟು ಹಗುರ!” ಎನ್ನುತ್ತಾರೆ. ಆದರೆ ಅವಳ ಕಾಲ ಕೆಳಗೆ ಏನಿದೆ ಎಂದು ಕೇಳುವವರು ಕಡಿಮೆ. ಬನ್ನಿ, ಇವತ್ತು ಅದನ್ನೇ ಸ್ವಲ್ಪ ನೋಡೋಣ.

ಹುಣ್ಣಿಮೆಯ ಕುಣಿತ

ಬಯಲಿನಲ್ಲಿ ಕುಣಿಯುವುದು ಕೊರಿಯಾದ ಹೆಂಗಸರಿಗೆ ಹೊಸದೇನೂ ಅಲ್ಲ. ಆ ದೇಶದ ನೈಋತ್ಯ ಭಾಗದಲ್ಲಿ ಗಾಂಗ್‌ಗಾಂಗ್‌ಸುಲ್ಲೆ ಎಂಬ ಹಳೆಯ ನೃತ್ಯವಿದೆ. ಚುಸೋಕ್ ಎಂಬ ಸುಗ್ಗಿಹಬ್ಬದ ಹುಣ್ಣಿಮೆಯ ರಾತ್ರಿ ಊರಿನ ಹೆಣ್ಣುಮಕ್ಕಳು ಕೈಕೈ ಹಿಡಿದು ಸುತ್ತುಗಟ್ಟುತ್ತಾರೆ. ಒಬ್ಬಳು ಹಾಡು ಎತ್ತುತ್ತಾಳೆ, ಉಳಿದವರು ಸೊಲ್ಲು ಕೂಡಿಸುತ್ತಾರೆ. ಹಿಂದೆ ಹಳ್ಳಿಯ ಹುಡುಗಿಯರು ಗಟ್ಟಿಯಾಗಿ ಹಾಡುವಂತಿರಲಿಲ್ಲ, ರಾತ್ರಿ ಹೊರಗೆ ಕಾಲಿಡುವಂತಿರಲಿಲ್ಲ. ಈ ಹಬ್ಬದ ರಾತ್ರಿ ಮಾತ್ರ ಆ ಕಟ್ಟು ಸಡಿಲವಾಗುತ್ತಿತ್ತು. ಯುನೆಸ್ಕೋ 2009ರಲ್ಲಿ ಈ ನೃತ್ಯವನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು.

ಕೊರಿಯಾದ ಸಾಂಪ್ರದಾಯಿಕ ನೃತ್ಯಕ್ಕೆ ನೆಲವೇ ತಾಯಿ. ಬಿಳಿಯ ಬಟ್ಟೆಯ ಕಾಲುಚೀಲ ತೊಟ್ಟು, ಹಿಮ್ಮಡಿಯನ್ನು ಮೊದಲು ಊರಿ, ಮೆಲ್ಲಗೆ ಪಾದ ಇಡುತ್ತಾರೆ. ಬ್ಯಾಲೆ ಇದಕ್ಕೆ ತೀರ ವಿರುದ್ಧ. ಯುರೋಪಿನ ಅರಮನೆಗಳಲ್ಲಿ ಹುಟ್ಟಿ ರಂಗಮಂದಿರಗಳಲ್ಲಿ ಬೆಳೆದ ಕಲೆ ಅದು. ನೆಲವನ್ನು ಬಿಟ್ಟು ಮೇಲೇಳುವುದೇ ಅದರ ಹಂಬಲ. ಹಾಗೆ ಮೇಲೇಳುವವಳಿಗೆ ಕೆಳಗಿನ ನೆಲ ಸರಿಯಿರಲೇಬೇಕು!

ಕಾಗದ, ಬಟ್ಟೆ, ಅಂಟು

ಬೆರಳ ತುದಿಯಲ್ಲಿ ನಿಲ್ಲಲು ತೊಡುವುದು ‘ಪಾಯಿಂಟ್ ಶೂ’. ಒಳಗೆ ಮರವೋ ಕಬ್ಬಿಣವೋ ಇರಬೇಕೆಂದು ಹಲವರ ಎಣಿಕೆ. ಅಂಥದ್ದೇನೂ ಇಲ್ಲ! ಸಾಮಾನ್ಯವಾಗಿ ಬಟ್ಟೆ ಮತ್ತು ಕಾಗದದ ಪದರಗಳನ್ನು ಅಂಟು ಹಾಕಿ ಗಟ್ಟಿ ಮಾಡಿದ ಒಂದು ಪುಟ್ಟ ಗೂಡು, ಅಂಗಾಲಿನಡಿ ತೊಗಲಿನದೋ ರಟ್ಟಿನದೋ ಒಂದು ಪಟ್ಟಿ, ಮೇಲೆ ಸ್ಯಾಟಿನ್ ಹೊದಿಕೆ. ರಿಬ್ಬನ್ನನ್ನು ನರ್ತಕಿಯೇ ಸೂಜಿ ದಾರ ಹಿಡಿದು ಹೊಲಿದುಕೊಳ್ಳುತ್ತಾಳೆ. ಎಷ್ಟೇ ದೊಡ್ಡ ತಾರೆಯಾದರೂ ಈ ಹೊಲಿಗೆ ತಪ್ಪಿದ್ದಲ್ಲ. ದೊಡ್ಡ ಪಾತ್ರವಾದರೆ ಒಂದೇ ಪ್ರದರ್ಶನಕ್ಕೆ ಒಂದು ಜೊತೆ ಸವೆದು ಹೋಗುವುದೂ ಉಂಟು.

ಈ ಅಂಟಿಗೆ ತೇವ ಆಗಿಬರುವುದಿಲ್ಲ. ಇಬ್ಬನಿ ಬಿದ್ದ ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ ಹಾಕಿದರೆ ಸಾಕು, ಶೂ ಮೆತ್ತಗಾಗಲು ಶುರು. ಮೆತ್ತಗಾದ ಶೂನಲ್ಲಿ ಬೆರಳ ಮೇಲೆ ಎದ್ದರೆ ಪಾದ ಹೊರಳುವ ಭಯ. ಮಣ್ಣಿನಲ್ಲಿ ತುದಿ ಹೂತುಕೊಳ್ಳುತ್ತದೆ, ನುಣುಪು ಕಲ್ಲಿನ ಮೇಲೆ ಜಾರುತ್ತದೆ. ರಂಗದ ಮೇಲಾದರೆ ಜಾರದಂತೆ ರಾಳದ ಪುಡಿ ಹಚ್ಚಿಕೊಳ್ಳಬಹುದು. ಒದ್ದೆ ಹುಲ್ಲಿಗೆ ಯಾವ ರಾಳ ಹಚ್ಚುವುದು?

ಇನ್ನು ಗಟ್ಟಿ ನೆಲದ ಮಾತು. ಒಳ್ಳೆಯ ನೃತ್ಯಶಾಲೆಯ ಮರದ ನೆಲದಡಿ ಪೊಳ್ಳು ಬಿಟ್ಟಿರುತ್ತಾರೆ. ನೆಗೆದು ಇಳಿದಾಗ ನೆಲವೇ ಸ್ವಲ್ಪ ಬಾಗಿ ಏಟನ್ನು ನುಂಗಿಕೊಳ್ಳುತ್ತದೆ. ಕಾಂಕ್ರೀಟು ಬಾಗುವುದಿಲ್ಲ. ಇಳಿಯುವಾಗ ಕಾಲಿನ ಮೇಲೆ ದೇಹದ ತೂಕದ ಹಲವು ಪಟ್ಟು ಭಾರ ಬೀಳುತ್ತದೆ, ಅದನ್ನೆಲ್ಲ ಮೂಳೆಯೇ ಹೊರಬೇಕು. ಅದು ಮತ್ತೆ ಮತ್ತೆ ಆದರೆ ಮೊಣಕಾಲ ಕೆಳಗಿನ ಮೂಳೆಯಲ್ಲೋ ಪಾದದ ಸಣ್ಣ ಮೂಳೆಯಲ್ಲೋ ಕೂದಲೆಳೆಯಂಥ ಬಿರುಕು. ಅಂದ್ರೆ, ತಿಂಗಳುಗಟ್ಟಲೆ ಕುಣಿತ ಬಂದ್!

ಕ್ಯಾಮೆರಾಕ್ಕೆ ಇನ್ನೊಮ್ಮೆ

ರಂಗದಲ್ಲಿ ಒಂದು ನೆಗೆತ ಒಂದೇ ಸಲ. ಕ್ಯಾಮೆರಾದ ಮುಂದೆ ಹಾಗಲ್ಲ. ದೂರದಿಂದ ಒಮ್ಮೆ, ಹತ್ತಿರದಿಂದ ಒಮ್ಮೆ, ಮೋಡ ಅಡ್ಡ ಬಂತೆಂದು ಮತ್ತೊಮ್ಮೆ. ನಡುವೆ ಕಾಯುವಾಗ ಮೈ ಆರುತ್ತದೆ. ಕಾದ ಸ್ನಾಯು ತಣ್ಣಗಾದ ಮೇಲೆ ಥಟ್ಟನೆ ನೆಗೆದರೆ ಉಳುಕುವುದು ಸುಲಭ. ಕೊರಿಯಾದ ಹವೆಯೂ ಮೃದುವಲ್ಲ. ಜೂನ್ ಕೊನೆಯಿಂದ ಮಳೆ, ಜನವರಿಯಲ್ಲಿ ಸೋಲ್ ನಗರದಲ್ಲಿ ಸೊನ್ನೆಗಿಂತ ಕೆಳಗಿನ ಚಳಿ. ಆದ್ದರಿಂದ ಹೊರಾಂಗಣ ಚಿತ್ರೀಕರಣಕ್ಕೆ ಏಪ್ರಿಲ್ ಹಾಗೂ ಅಕ್ಟೋಬರ್ ಒಳ್ಳೆಯ ತಿಂಗಳುಗಳು.

ಅಕ್ಟೋಬರಿನಲ್ಲಿ ಸೋಲ್‌ನ ಹಾನುಲ್ ಉದ್ಯಾನದಲ್ಲಿ ಈ ಬೆಳ್ಳಿಹುಲ್ಲು ಹೂಬಿಡುತ್ತದೆ. ಹಾನುಲ್ ಎಂದರೆ ಆಕಾಶ. ಹೆಸರು ಆಕಾಶ, ಆದರೆ ಅಡಿಯಲ್ಲಿರುವುದು ಕಸ! 1978ರಿಂದ 1993ರವರೆಗೆ ಇಡೀ ನಗರದ ಕಸ ಸುರಿದು ಎದ್ದ ಗುಡ್ಡ ಅದು. ಮಣ್ಣು ಮುಚ್ಚಿ, ಗಿಡ ಬೆಳೆಸಿ, 2002ರಲ್ಲಿ ಉದ್ಯಾನ ಮಾಡಿದರು. ಕಣ್ಣಿಗೆ ಕಾಣುವ ಚೆಲುವಿನ ಅಡಿಯಲ್ಲಿ ಏನೇನು ಇರುತ್ತದೋ, ಯಾರು ಬಲ್ಲರು?

ಬಲ್ಲ ಚಿತ್ರತಂಡ ಬಯಲಿನಲ್ಲೂ ನರ್ತಕಿಗೆ ನೆಲ ಕಟ್ಟಿಕೊಡುತ್ತದೆ. ಪ್ಲೈವುಡ್ ಹಲಗೆ ಹಾಸಿ, ಮೇಲೆ ನೃತ್ಯದ ಹಾಸು ಬಿಗಿದು, ಅಂಚನ್ನು ಹುಲ್ಲಿನಲ್ಲಿ ಮರೆಮಾಡುತ್ತದೆ. ಪಾದ ಕಾಣದ ದೃಶ್ಯಕ್ಕೆ ಮೆತ್ತನೆಯ ಶೂ ಸಾಕು. ದೃಶ್ಯದಿಂದ ದೃಶ್ಯಕ್ಕೆ ಮೈಮೇಲೆ ಮಂಡಿ ಮುಟ್ಟುವ ದಪ್ಪ ಕೋಟು, ಕಾಲಿಗೆ ಬೆಚ್ಚನೆಯ ಬೂಟು. ಇವಿಷ್ಟೂ ಇಲ್ಲದ ಕಡೆ ನರ್ತಕಿಗೆ ಉಳಿಯುವುದು ಒಂದೇ ಮಾತು: “ಈ ನೆಲದ ಮೇಲೆ ನೆಗೆಯಲಾರೆ.” ಹತ್ತಾರು ಜನ ಕಾದು ನಿಂತಿರುವಾಗ ಹುಡುಗಿಯೊಬ್ಬಳು ಹಾಗೆನ್ನುವುದು ಸುಲಭವಲ್ಲ. ಆದರೂ ಅನ್ನಲೇಬೇಕು. ಚಿತ್ರ ನಾಲ್ಕು ನಿಮಿಷದ್ದು, ಕಾಲು ಬಾಳೆಲ್ಲ ಬೇಕಾದದ್ದು.

ಆ ಒಂದು ಫೋಟೋ

ಕೊರಿಯಾದಲ್ಲಿ ಈ ಮಾತಿಗೆ ಸಾಕ್ಷಿ ಕಾಂಗ್ ಸೂ-ಜಿನ್. 1967ರಲ್ಲಿ ಸೋಲ್‌ನಲ್ಲಿ ಹುಟ್ಟಿದ ಆಕೆ ಮೊದಲು ಕಲಿತದ್ದು ಕೊರಿಯಾದ ಸಾಂಪ್ರದಾಯಿಕ ನೃತ್ಯವನ್ನು; ಬ್ಯಾಲೆ ಆಮೇಲೆ ಬಂತು. ಹದಿಹರೆಯದಲ್ಲೇ ಮನೆ ಬಿಟ್ಟು ಮೊನಾಕೊಗೆ ಹೋದರು. 1985ರಲ್ಲಿ ಲೊಸಾನ್ ಸ್ಪರ್ಧೆ ಗೆದ್ದರು, ಮರುವರ್ಷ ಜರ್ಮನಿಯ ಸ್ಟುಟ್‌ಗಾರ್ಟ್ ಬ್ಯಾಲೆ ಸೇರಿದರು. 1999ರಲ್ಲಿ ಬೆನುವಾ ಪ್ರಶಸ್ತಿ, 2014ರಲ್ಲಿ ಕೊರಿಯಾ ರಾಷ್ಟ್ರೀಯ ಬ್ಯಾಲೆಯ ನಿರ್ದೇಶಕಿಯ ಹುದ್ದೆ. ನಲವತ್ತೊಂಬತ್ತರ ವಯಸ್ಸಿನಲ್ಲಿ, 2016ರಲ್ಲಿ, ಸ್ಟುಟ್‌ಗಾರ್ಟ್‌ನಲ್ಲೇ ‘ಒನೇಗಿನ್’ ಕುಣಿದು ವೇದಿಕೆಗೆ ವಿದಾಯ ಹೇಳಿದರು. ಅವರ ನೃತ್ಯದಷ್ಟೇ ಹೆಸರಾದದ್ದು ಅವರ ಬರಿಗಾಲಿನ ಒಂದು ಫೋಟೋ. ಗಂಟುಗಂಟಾದ, ಸೊಟ್ಟಗಾದ ಬೆರಳುಗಳು! ಕೊರಿಯಾದ ಜನ ಅದನ್ನು ನೋಡಿ ಬೆರಗಾದರು. ದುಡಿದ ಪಾದಗಳು ಹೇಗಿರುತ್ತವೆ ಎಂಬುದನ್ನು ಆ ಚಿತ್ರ ಯಾವ ಭಾಷಣಕ್ಕಿಂತಲೂ ಚೆನ್ನಾಗಿ ಹೇಳಿತು.

ಅಮ್ಮಂದಿರಿಗೆ ಒಂದು ಮಾತು

ಇಂಥ ಚಿತ್ರ ನೋಡಿ ಮಗಳು “ನನಗೂ ಆ ಶೂ ಬೇಕು” ಎಂದು ಹಟ ಹಿಡಿದರೆ ಅವಸರ ಬೇಡ. ಕೆಲವು ವರ್ಷ ಸಾಧಾರಣ ಬ್ಯಾಲೆ ಅಭ್ಯಾಸ ಮಾಡಿ, ಕಣಕಾಲು ಮತ್ತು ಸೊಂಟ ಬಲಿತ ಮೇಲೆ, ಹನ್ನೊಂದು–ಹನ್ನೆರಡರ ಹೊತ್ತಿಗೆ, ಅದೂ ಗುರುಗಳು ಒಪ್ಪಿದರೆ ಮಾತ್ರ. ಭರತನಾಟ್ಯ ಕಲಿಯುವ ಮಕ್ಕಳಿಗೂ ನೆಲದ ಮಾತು ಅನ್ವಯಿಸುತ್ತದೆ. ಸಿಮೆಂಟು ನೆಲದ ಮೇಲೆ ದಿನವೂ ತಟ್ಟಡವು ಹಾಕಿ ಹಿಮ್ಮಡಿ, ಮೊಣಕಾಲು ನೋವೆಂದರೆ “ಅಭ್ಯಾಸ ಆದ್ರೆ ಸರಿಹೋಗುತ್ತೆ” ಎಂದು ತಳ್ಳಿಹಾಕಬೇಡಿ. ಮರದ ನೆಲವಿರುವ ತರಗತಿ ಸಿಕ್ಕರೆ ಒಳ್ಳೆಯದು. ನೋವು ವಾರ ಕಳೆದರೂ ಹೋಗದಿದ್ದರೆ ವೈದ್ಯರಿಗೆ ತೋರಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ನೋವಾದಾಗ “ಇವತ್ತು ಸಾಕು” ಎನ್ನುವ ಧೈರ್ಯವನ್ನು ಮಗಳಿಗೆ ಕಲಿಸಿ. ಕುಣಿತ ಗುರುಗಳು ಕಲಿಸಿಯಾರು. ಇದನ್ನು ಮನೆಯಲ್ಲೇ ಕಲಿಸಬೇಕು.