ಸಂಘದ ಕಾರ್ಯದರ್ಶಿ ಮತ್ತು ಹಾಲು ಪರೀಕ್ಷಕರ ಮಾನಸಿಕ ಒತ್ತಡ: ಆಡಳಿತ ಮಂಡಳಿ ಏನು ಮಾಡಬಹುದು?



ಈ ಪುಟದಲ್ಲಿ ನಾನು ಸಾಮಾನ್ಯವಾಗಿ ಕೆಚ್ಚಲು ಬಾವು, ಜಂತುಹುಳು, ಹಸಿರು ಮೇವು, ಕರುಗಳ ಪಾಲನೆ ಇವುಗಳ ಬಗ್ಗೆ ಬರೆಯುತ್ತಿರುತ್ತೇನೆ. ಈ ಸಲ ದನಗಳ ವಿಷಯ ಬಿಟ್ಟು ಮನುಷ್ಯರ ವಿಷಯಕ್ಕೆ ಬಂದಿದ್ದೇನೆ. ಪಶುವೈದ್ಯನಿಗೆ ಇದೇಕೆ ಎಂದು ಕೆಲವರು ಕೇಳಬಹುದು. ಕಾರಣವಿದೆ.

ಕೆಲವು ವರ್ಷಗಳ ಹಿಂದೆ ಒಂದು ಸಂಘಕ್ಕೆ ಭೇಟಿ ಕೊಟ್ಟಿದ್ದಾಗ ಅಲ್ಲಿನ ಕಾರ್ಯದರ್ಶಿ ನನ್ನನ್ನು ಪಕ್ಕಕ್ಕೆ ಕರೆದು, "ಸಾರ್, ನಿದ್ದೆ ಬರೋದಕ್ಕೆ ಏನಾದ್ರೂ ಮಾತ್ರೆ ಇದ್ರೆ ಕೊಡಿ" ಎಂದರು. ನಾನು ನಕ್ಕು, "ನನ್ನ ಹತ್ರ ಇರೋದೆಲ್ಲ ದನದ ಡೋಸು ಕಾರ್ಯದರ್ಶಿಗಳೇ, ನಿಮಗೆ ತಡೆಯಲ್ಲ" ಎಂದು ತಮಾಷೆ ಮಾಡಿ, ಪುಸ್ತಕಗಳಿಗೆ ಸಹಿ ಹಾಕಿ ಹೊರಟುಬಂದೆ. ಮೂರು ತಿಂಗಳ ನಂತರ ಒಂದು ಬೆಳಿಗ್ಗೆ ಆ ಸಂಘದ ಬಾಗಿಲು ತೆರೆಯಲಿಲ್ಲ. ಜನ ಹಾಲಿನ ಪಾತ್ರೆ ಹಿಡಿದು ನಿಂತೇ ಇದ್ದರು. ಬೀಗದ ಕೈ ಬಾಗಿಲ ಮೇಲಿನ ಗೂಡಿನಲ್ಲಿತ್ತು, ಕಾರ್ಯದರ್ಶಿ ಮನೆಯಲ್ಲಿಯೂ ಇರಲಿಲ್ಲ. ದುಡ್ಡು ತಿಂದು ಓಡಿಹೋದ ಎಂಬ ಮಾತು ಹಾಲಿನ ಗಾಡಿ ಬರುವುದಕ್ಕೆ ಮುಂಚೆಯೇ ಊರೆಲ್ಲ ಹಬ್ಬಿತು. ಎರಡು ದಿನ ಹುಡುಕಿದ ಮೇಲೆ ಅವರು ದೂರದ ಊರಿನಲ್ಲಿ ಅಕ್ಕನ ಮನೆಯಲ್ಲಿ ಸಿಕ್ಕರು. ಲೆಕ್ಕ ತೆಗೆದು ನೋಡಿದರೆ ಒಂದು ಪೈಸೆಯೂ ವ್ಯತ್ಯಾಸವಿರಲಿಲ್ಲ. ಹತ್ತೊಂಬತ್ತು ವರ್ಷ ಕೆಲಸ ಮಾಡಿದ ಆ ಮನುಷ್ಯ ಅಕ್ಕನಿಗೆ ಹೇಳಿದ್ದು ಇಷ್ಟೇ: "ನನಗೆ ಆ ಕಿಟಕಿ ಮುಂದೆ ಕೂರೋಕೆ ಆಗ್ತಾ ಇಲ್ಲ."

ಮಾತ್ರೆ ಕೇಳಿದ ದಿನವೇ ನಾನು ಎರಡು ಮಾತು ಕೂತು ಕೇಳಿದ್ದರೆ ಆಗುತ್ತಿತ್ತು. ಆ ಕೊರಗಿನಿಂದಲೇ ಈ ಲೇಖನ.

ಈ ಕೆಲಸದ ಸ್ವರೂಪ

ಸಂಘದ ಕೆಲಸವನ್ನು ಹೊರಗಿನಿಂದ ನೋಡುವವರಿಗೆ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಅಷ್ಟೇ ಎನಿಸುತ್ತದೆ. ಆದರೆ ಹಸುವಿಗೆ ಭಾನುವಾರವಿಲ್ಲ, ಯುಗಾದಿಯಿಲ್ಲ. ಆದುದರಿಂದ ಕಾರ್ಯದರ್ಶಿಗೂ ಇಲ್ಲ. ವರ್ಷದ 365 ದಿನ, ದಿನಕ್ಕೆ ಎರಡು ಸಲ. ಮಗಳ ಮದುವೆಯ ಮುಹೂರ್ತದ ದಿನವೂ ಬೆಳಗಿನ ಹಾಲು ಅಳೆದು ಛತ್ರಕ್ಕೆ ಹೋದವರನ್ನು ನಾನು ಬಲ್ಲೆ.

ಇದಕ್ಕಿಂತ ದೊಡ್ಡದು ನಡುವೆ ಸಿಕ್ಕಿಕೊಳ್ಳುವ ಕಷ್ಟ. ಜಿಡ್ಡು ಕಡಿಮೆ ಬಂದರೆ ಹಾಲು ಹಾಕುವವರು ಇವರನ್ನು ಕೇಳುತ್ತಾರೆ. ಕ್ಯಾನು ಹುಳಿಯೆಂದು ವಾಪಸು ಬಂದರೆ ಒಕ್ಕೂಟದವರು ಇವರನ್ನು ಕೇಳುತ್ತಾರೆ. ಸರ್ಕಾರದ ಪ್ರೋತ್ಸಾಹಧನ ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುವಂಥದ್ದು. ಅದು ತಡವಾದರೂ ಬೈಗುಳ ಕಿಟಕಿಯ ಹಿಂದೆ ಕುಳಿತವರಿಗೇ. ದರ ನಿಗದಿ ಇವರ ಕೈಯಲ್ಲಿಲ್ಲ, ಗಾಡಿಯ ವೇಳೆ ಇವರ ಕೈಯಲ್ಲಿಲ್ಲ, ಕರೆಂಟು ಅಂತೂ ಯಾರ ಕೈಯಲ್ಲಿಯೂ ಇಲ್ಲ. ಜವಾಬು ಮಾತ್ರ ಇವರದು. ಬೈಯುವವರು ಅಪರಿಚಿತರೂ ಅಲ್ಲ. ಒಬ್ಬರು ಚಿಕ್ಕಪ್ಪ, ಒಬ್ಬರು ಪಕ್ಕದ ಮನೆಯವರು, ಇನ್ನೊಬ್ಬರು ಮುಂದಿನ ಚುನಾವಣೆಯಲ್ಲಿ ನಿರ್ದೇಶಕರಾಗುವವರು.

ಅಮೆರಿಕದ ರಾಬರ್ಟ್ ಕರಾಸೆಕ್ ಎಂಬ ಸಂಶೋಧಕರು 1979ರಲ್ಲಿಯೇ ಒಂದು ಸಂಗತಿಯನ್ನು ಎತ್ತಿ ತೋರಿಸಿದ್ದರು. ಕೆಲಸ ಹೆಚ್ಚಾಗಿರುವುದೊಂದರಿಂದಲೇ ಮನಸ್ಸು ಕುಸಿಯುವುದಿಲ್ಲ. ಕೆಲಸದ ಒತ್ತಾಯ ಹೆಚ್ಚಾಗಿದ್ದು, ಅದರ ಮೇಲೆ ಕೆಲಸಗಾರನ ಹಿಡಿತ ಕಡಿಮೆಯಾಗಿದ್ದಾಗ ಅಪಾಯ ಹೆಚ್ಚು. ನಮ್ಮ ಸಂಘಗಳ ಕಾರ್ಯದರ್ಶಿಯನ್ನು ನೋಡಿ ಬರೆದಂತಿದೆ. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಕೆಲಸದ ಸ್ಥಳದ ಮಾನಸಿಕ ಆರೋಗ್ಯದ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಕೆಲಸಗಾರನಿಗೆ ಧೈರ್ಯ ಹೇಳಿದರೆ ಸಾಲದು, ಕೆಲಸದ ವ್ಯವಸ್ಥೆಯನ್ನೇ ಸರಿಪಡಿಸಬೇಕು ಎಂಬ ಸಲಹೆ ಅದರಲ್ಲಿಯೂ ಇದೆ. ಇದು ನಮಗೆ ಹೊಸದಲ್ಲ. ಹೆದರಿದ ಹಸು ತೊರೆ ಬಿಡುವುದಿಲ್ಲ, ಹಾಲು ಕೆಚ್ಚಲಿನಲ್ಲಿಯೇ ಉಳಿಯುತ್ತದೆ. ಆಗ ನಾವು ಹಸುವಿಗೆ ಬುದ್ಧಿ ಹೇಳುವುದಿಲ್ಲ, ನಾಯಿಯನ್ನು ಕೊಟ್ಟಿಗೆಯಿಂದ ಆಚೆ ಅಟ್ಟುತ್ತೇವೆ.

ಜಗಳದ ಮೂಲ: ಜಿಡ್ಡು ಮತ್ತು ಡಿಗ್ರಿ

ನಾನು ಕಂಡಂತೆ ಕಿಟಕಿಯ ಮುಂದಿನ ಜಗಳಗಳಲ್ಲಿ ಬಹುಪಾಲು ಮೋಸದಿಂದ ಹುಟ್ಟಿದವಲ್ಲ, ತಿಳಿವಳಿಕೆಯ ಕೊರತೆಯಿಂದ ಹುಟ್ಟಿದವು. "ನಿನ್ನೆ ಸಂಜೆ ನಾಲ್ಕು ಬಂದಿತ್ತು, ಇವತ್ತು ಬೆಳಿಗ್ಗೆ ಮೂರೂಕಾಲು ಹೇಗಾಯ್ತು? ಅದೇ ಹಸು, ಅದೇ ಹುಲ್ಲು!" ಎಂಬ ಪ್ರಶ್ನೆಗೆ ಉತ್ತರವಿದೆ. ಸಂಜೆ 4ಕ್ಕೆ ಕರೆದು ಮತ್ತೆ ಬೆಳಿಗ್ಗೆ 6ಕ್ಕೆ ಕರೆದರೆ ನಡುವೆ 14 ಗಂಟೆ. ಬೆಳಿಗ್ಗೆಯಿಂದ ಸಂಜೆಗೆ 10 ಗಂಟೆ ಮಾತ್ರ. ಅಂತರ ಹೆಚ್ಚಾದಾಗ ಹಾಲಿನ ಪ್ರಮಾಣ ಹೆಚ್ಚು, ಜಿಡ್ಡಿನ ಅಂಶ ಕಡಿಮೆ. ಇದು ಪ್ರಕೃತಿ ನಿಯಮ, ಪರೀಕ್ಷಕರ ಕೈಚಳಕವಲ್ಲ.

ಹಾಗೆಯೇ ಕರೆಯುವಾಗ ಮೊದಲು ಬರುವ ಹಾಲಿನಲ್ಲಿ ಜಿಡ್ಡು ಬಹಳ ಕಡಿಮೆ, ಕೊನೆಯ ಹಾಲಿನಲ್ಲಿ ಹಲವು ಪಟ್ಟು ಹೆಚ್ಚು. ಕೊನೆಯ ಹಾಲನ್ನು ಕರುವಿಗೆ ಬಿಟ್ಟರೆ ಡೇರಿಗೆ ತರುವ ಹಾಲಿನಲ್ಲಿ ಜಿಡ್ಡು ಇಳಿಯುವುದು ಸಹಜ. ಪಾತ್ರೆಯ ಹಾಲನ್ನು ಚೆನ್ನಾಗಿ ಕಲಕದೆ ಮಾದರಿ ತೆಗೆದರೂ ಲೆಕ್ಕ ತಪ್ಪುತ್ತದೆ. ಈ ತಪ್ಪು ನಮ್ಮವರಿಂದ ಆಗುವುದುಂಟು, ಒಪ್ಪಿಕೊಳ್ಳಬೇಕು. ಈಗಷ್ಟೇ ಕರೆದ ಬಿಸಿ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಸಿದರೆ ಡಿಗ್ರಿ ಕಡಿಮೆ ತೋರಿಸುತ್ತದೆ. ಉಷ್ಣತೆಗೆ ತಕ್ಕ ತಿದ್ದುಪಡಿ ಮಾಡದೆ ನೀರು ಹಾಕಿದ್ದೀರಿ ಎಂದು ಒಬ್ಬ ಹೆಣ್ಣುಮಗಳಿಗೆ ಸಾಲಿನಲ್ಲಿ ಎಲ್ಲರ ಮುಂದೆ ಹೇಳಿದರೆ, ಆಕೆಯ ಮನಸ್ಸಿಗಾದ ಗಾಯಕ್ಕೆ ಯಾವ ಮುಲಾಮೂ ಇಲ್ಲ. ಒತ್ತಡ ಕಿಟಕಿಯ ಎರಡು ಕಡೆಗೂ ಇರುತ್ತದೆ ಎಂಬುದನ್ನು ಪರೀಕ್ಷಕರೂ ಮರೆಯಬಾರದು.

ಈ ನಾಲ್ಕು ಸಂಗತಿಗಳನ್ನು ದಪ್ಪ ಅಕ್ಷರದಲ್ಲಿ ಬರೆಸಿ ಕಿಟಕಿಯ ಪಕ್ಕ ಹಾಕಿಸಿ. ಅನುಮಾನ ಬಂದವರಿಗೆ ಅವರ ಎದುರಿನಲ್ಲಿಯೇ ಎರಡನೆಯ ಸಲ ಪರೀಕ್ಷೆ ಮಾಡಿ ತೋರಿಸುವ ಪದ್ಧತಿ ಇರಲಿ. ಅದಕ್ಕೂ ಒಪ್ಪದಿದ್ದರೆ ದೂರನ್ನು ಬರೆದುಕೊಂಡು, ವಾರಕ್ಕೊಮ್ಮೆ ಇಬ್ಬರು ನಿರ್ದೇಶಕರು ಕುಳಿತು ವಿಚಾರಿಸಲಿ. ಆಗ ಕಾರ್ಯದರ್ಶಿಯು "ಮಂಡಳಿ ನೋಡುತ್ತದೆ" ಎಂದು ಹೇಳಿ ಮುಂದಿನ ಪಾತ್ರೆಗೆ ಕೈ ಹಾಕಬಹುದು. ಹಾಲು ವಾಪಸು ಮಾಡುವ ನಿಯಮವನ್ನು ಮಂಡಳಿಯೇ ಠರಾವು ಮಾಡಿ ಅಂಟಿಸಿದ್ದರೆ, ಅಧ್ಯಕ್ಷರ ಮನೆಯ ಹಾಲಿಗೂ ಅದೇ ನಿಯಮ ನಡೆದರೆ, ಅರ್ಧ ಭಾರ ಅಲ್ಲಿಯೇ ಇಳಿಯುತ್ತದೆ.

ಬದಲಿ ಕೈ

ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಬದಲಿ ವ್ಯವಸ್ಥೆ. ಊರಿನ ಒಬ್ಬ ಓದಿದ ಹುಡುಗ ಅಥವಾ ಹುಡುಗಿಗೆ ಪರೀಕ್ಷೆ, ಯಂತ್ರ, ಲೆಕ್ಕ ಮೂರನ್ನೂ ಕಲಿಸಿ, ವಾರಕ್ಕೆ ಎರಡು ಹೊತ್ತು ಅವರಿಂದಲೇ ಕೆಲಸ ನಡೆಸಬೇಕು. ಖರ್ಚು ಎಲ್ಲಿಂದ ಎನ್ನುವವರಿಗೆ ನಾನು ಕೇಳುವುದು: ಬಾಗಿಲು ತೆರೆಯದ ಒಂದು ಬೆಳಿಗ್ಗೆ ಎಷ್ಟು ಲೀಟರ್ ಹಾಲು ಹಾಳಾಯಿತು? ಕೆಲವು ಕಾರ್ಯದರ್ಶಿಗಳು ತಾವೇ ಬದಲಿಯನ್ನು ಬೇಡವೆನ್ನುತ್ತಾರೆ, ಕುರ್ಚಿ ಹೋಗುವ ಭಯ. ಮಂಡಳಿಯವರು ಅವರಿಗೆ ಆ ಭರವಸೆಯನ್ನು ಬರೆದು ಕೊಡಲಿ.

ಒಕ್ಕೂಟದ ಸಿಬ್ಬಂದಿಯಾದ ನಾವೂ ತಿದ್ದಿಕೊಳ್ಳಬೇಕು. ಸಂಘಕ್ಕೆ ಹೋದೊಡನೆ ತಪ್ಪು ಹುಡುಕಿ, ಸದಸ್ಯರ ಮುಂದೆ ಗದರಿಸಿ ಬರುವ ಚಾಳಿ ನಮ್ಮಲ್ಲಿಯೂ ಇದೆ. ಹೇಳುವುದನ್ನು ಒಳಗೆ ಕೂರಿಸಿಕೊಂಡು ಹೇಳಬಹುದು.

ಮಹಿಳಾ ಸಂಘಗಳಿಗೆ ಒಂದು ಮಾತು. ಗಾಡಿಯವರಾಗಲಿ, ಬಂದುಹೋಗುವ ಯಾರೇ ಆಗಲಿ ಕೆಟ್ಟ ಮಾತು, ಕೆಟ್ಟ ನಡತೆ ತೋರಿದರೆ ಸಹಿಸಿಕೊಂಡಿರಬೇಕಾಗಿಲ್ಲ. 2013ರ ಕಾಯಿದೆಯಂತೆ ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಕಡೆಯ ದೂರುಗಳನ್ನು ಜಿಲ್ಲೆಯ ಸ್ಥಳೀಯ ಸಮಿತಿ ವಿಚಾರಿಸಬೇಕು.

ಗುರುತಿಸುವುದು ಹೇಗೆ?

ಹಸು ಮೇವು ಬಿಟ್ಟರೆ ನಾವು ಅದೇ ಹೊತ್ತು ಗಮನಿಸುತ್ತೇವೆ. ಮನುಷ್ಯ ಊಟ ಬಿಟ್ಟರೆ "ಏನೋ ಯೋಚನೆ" ಎಂದು ಸುಮ್ಮನಾಗುತ್ತೇವೆ. ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ ಕೆಟ್ಟಿರುವುದು, ನಸುಕಿನಲ್ಲಿಯೇ ಎಚ್ಚರವಾಗುವುದು, ಮಾತು ಕಡಿಮೆಯಾಗುವುದು, ಸಣ್ಣದಕ್ಕೂ ಸಿಡುಕುವುದು, ಬರೆಯುವ ಪುಸ್ತಕದಲ್ಲಿ ಎಂದೂ ಇಲ್ಲದ ತಪ್ಪುಗಳು, ಹೊಸದಾಗಿ ಕುಡಿತ, "ನಾನಿದ್ದು ಏನು ಪ್ರಯೋಜನ" ಎಂಬ ಮಾತು, ಇವು ಕಂಡಲ್ಲಿ ಉದಾಸೀನ ಸಲ್ಲದು. ಖಾಸಗಿಯಾಗಿ ಕೂತು ಕೇಳಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳಬಹುದು. ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಎಂಬುದು ತಪ್ಪು ಕಲ್ಪನೆ, ಕೇಳಿದವರ ಮುಂದೆ ಎಷ್ಟೋ ಜನ ಹಗುರಾಗುತ್ತಾರೆ. ಬರುತ್ತಿದೆ ಎಂದರೆ ಅವರನ್ನು ಒಬ್ಬರನ್ನೇ ಬಿಡಬೇಡಿ, ಮನೆಯಲ್ಲಿರುವ ಕೀಟನಾಶಕ, ಕಳೆನಾಶಕಗಳನ್ನು ಅದೇ ದಿನ ಬೇರೆಯವರ ಮನೆಗೆ ಸಾಗಿಸಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಪೊಲೀಸ್ ಕೇಸಾಗುತ್ತದೆಂಬ ಹೆದರಿಕೆಯಿಂದ ವಿಷಯ ಮುಚ್ಚಿಡುವುದುಂಟು. 2018ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಕಾಯಿದೆಯು, ಜೀವ ತೆಗೆದುಕೊಳ್ಳಲು ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಿ, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯವೆಂದು ಹೇಳುತ್ತದೆ.

ಚಿಕಿತ್ಸೆಗಾಗಿ ಬೆಂಗಳೂರಿನ ನಿಮ್ಹಾನ್ಸ್ ಅಥವಾ ಧಾರವಾಡಕ್ಕೇ ಹೋಗಬೇಕೆಂದಿಲ್ಲ. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮದೇ ಬಳ್ಳಾರಿ ಜಿಲ್ಲೆ, 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ನಡೆಸಿದ ಪ್ರಯೋಗದಿಂದ. ಈಗ ಜಿಲ್ಲಾ ಆಸ್ಪತ್ರೆಯ ಮಾನಸಿಕ ವಿಭಾಗದಲ್ಲಿ ಔಷಧ ದೊರೆಯುತ್ತದೆ. ಖಿನ್ನತೆಯ ಮಾತ್ರೆಗಳ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಎಂಟು ದಿನ ನುಂಗಿ ಪ್ರಯೋಜನವಿಲ್ಲವೆಂದು ಬಿಡಬಾರದು, ಗುಣ ಕಂಡೊಡನೆ ತಾವಾಗಿ ನಿಲ್ಲಿಸಲೂಬಾರದು. ದೇವರಿಗೆ ಹರಕೆ ಹೊರುವುದಿದ್ದರೆ ಹೊರಿ, ಮಾತ್ರೆಯೂ ನಡೆಯಲಿ. ಹೋಗುವುದಕ್ಕೆ ಸಂಕೋಚವಿರುವವರು 14416ಕ್ಕೆ ಫೋನ್ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಈ ಸೇವೆ ಉಚಿತ, ದಿನದ 24 ಗಂಟೆಯೂ ಉಂಟು, ಕನ್ನಡದಲ್ಲಿಯೇ ಮಾತನಾಡುತ್ತಾರೆ.

ಮೇಲೆ ಹೇಳಿದ ಕಾರ್ಯದರ್ಶಿಯವರು ಜಿಲ್ಲಾ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಮೂರು ತಿಂಗಳ ನಂತರ ಕೆಲಸಕ್ಕೆ ಮರಳಿದರು. ಅಷ್ಟು ದಿನ ಮಂಡಳಿಯವರು ಸಂಬಳ ನಿಲ್ಲಿಸಲಿಲ್ಲ. ದುಡ್ಡು ತಿಂದ ಎಂದು ಆಡಿದವರ ಎದುರಿನಲ್ಲಿಯೇ, ಸರ್ವ ಸದಸ್ಯರ ಸಭೆಯಲ್ಲಿ, ಅಧ್ಯಕ್ಷರು ಲೆಕ್ಕ ಓದಿಸಿದರು. ಈಗ ಬುಧವಾರ ಮತ್ತು ಭಾನುವಾರ ಸಂಜೆಯ ಹಾಲನ್ನು ಅವರು ತರಬೇತಿ ಕೊಟ್ಟ ಹುಡುಗಿ ತೆಗೆದುಕೊಳ್ಳುತ್ತಾಳೆ. ಕಳೆದ ಸಲ ಹೋದಾಗ ಬುಧವಾರವೇ ಆಗಿತ್ತು. ಕಾರ್ಯದರ್ಶಿಯವರು ಎಲ್ಲಿ ಎಂದು ಕೇಳಿದೆ. "ಮನೇಲಿ ಮಲಗವ್ರೆ ಸಾರ್, ಎಬ್ಬಿಸ್ಲಾ?" ಎಂದಳು. ಬೇಡ ಎಂದು ಹೇಳಿ ಬಂದೆ.