ಟ್ರಂಕಿನ ಸೀರೆಗೊಂದು ಚಿತ್ರ

ಹಳೆ ಬಟ್ಟೆ ಕೊಟ್ಟು ಸ್ಟೀಲ್ ಪಾತ್ರೆ ಕೊಳ್ಳುವುದು ನಮ್ಮ ಮನೆಗಳಲ್ಲಿ ಹೊಸತೇನಲ್ಲ. ನಮ್ಮ ಅಜ್ಜಿಯ ಇಳಕಲ್ ಸೀರೆಯೂ ಒಂದು ದಿನ ಹಾಗೆಯೇ ಹೋಯಿತು. ಬದಲಿಗೆ ಬಂದ ಡಬ್ಬಿ ಇಂದಿಗೂ ಅಡುಗೆಮನೆಯಲ್ಲಿದೆ. ಆದರೆ ಆ ಸೀರೆಯ ಒಡಲು ಹಸಿರಾಗಿತ್ತೋ ನೀಲಿಯಾಗಿತ್ತೋ ಎಂದು ಅಕ್ಕನಿಗೂ ನನಗೂ ಈಗಲೂ ವಾದ. ಅಂದು ಯಾರಾದರೂ ಅದರ ಚಿತ್ರ ಬರೆದಿಟ್ಟಿದ್ದರೆ ಎಂದು ಎಷ್ಟೋ ಸಲ ಅನಿಸಿದೆ.

ನಿಮ್ಮ ಟ್ರಂಕಿನಲ್ಲೂ ತಾಯಿಯ ಮದುವೆ ಸೀರೆಯೋ ಅತ್ತೆಯ ಜರಿ ದುಪಟ್ಟಾವೋ ಇರಬಹುದು. ಅದನ್ನು ಕೊಡುವ ಅಥವಾ ಕತ್ತರಿಸುವ ಮುನ್ನ ಒಂದು ಫ್ಯಾಷನ್ ಚಿತ್ರ ಬರೆಯಿರಿ. ಬೇಕಾದದ್ದು ದಪ್ಪ ಡ್ರಾಯಿಂಗ್ ಹಾಳೆ, ಪೆನ್ಸಿಲ್, ಸ್ಕೇಲು, ಜಲವರ್ಣ ಮತ್ತು ಎರಡು ಕುಂಚ ಮಾತ್ರ.

ಮೊದಲು ನೋಡಿ

ಬಟ್ಟೆಯನ್ನು ಕಿಟಕಿಯ ಬೆಳಕಿನಲ್ಲಿ ಮಂಚದ ಮೇಲೆ ಹರಡಿ. ಇಳಕಲ್ ಸೀರೆಯಾದರೆ ಒಡಲೂ ಸೆರಗೂ ಸೇರುವ ಜಾಗವನ್ನು ಗಮನಿಸಿ. ಎರಡರ ಹಾಸುನೂಲನ್ನೂ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಕೆಂಪು ಸೆರಗಿನ ಮೇಲೆ ಬಿಳಿಯ ತೆನೆಯಾಕಾರ ಇರುತ್ತದೆ. ಕಸೂತಿ ಇದ್ದರೆ ಹಿಂಬದಿಯನ್ನೂ ತಿರುವಿ ನೋಡಿ. ಗವಂತಿ, ಮುರ್ಗಿ ಹೊಲಿಗೆಗಳು ಎರಡೂ ಕಡೆ ಒಂದೇ ರೀತಿ ಕಾಣುತ್ತವೆ. ಎಲ್ಲಿ ಸವೆದಿದೆ, ಎಲ್ಲಿ ಜರಿ ಕಪ್ಪಾಗಿದೆ ಎಂದೂ ಬರೆದುಕೊಳ್ಳಿ.

ಆಕೃತಿ

ಹಾಳೆಯ ಮೇಲೆ 27 ಸೆಂ.ಮೀ. ಉದ್ದದ ನೇರ ಗೆರೆ ಎಳೆದು 3 ಸೆಂ.ಮೀ.ನ 9 ಭಾಗ ಮಾಡಿ. ಮೊದಲ ಭಾಗ ತಲೆಗೆ. ಮೂರನೆಯ ಭಾಗ ಮುಗಿಯುವಲ್ಲಿ ಸೊಂಟ, ಆರರ ಬಳಿ ಮೊಣಕಾಲು, ಕೊನೆಯಲ್ಲಿ ಪಾದ. ನಿಜವಾದ ಮನುಷ್ಯರ ಎತ್ತರ ಸುಮಾರು ಏಳೂವರೆ ತಲೆಯಷ್ಟು. ಉಡುಪು ಉದ್ದವಾಗಿ, ಸ್ಪಷ್ಟವಾಗಿ ಕಾಣಲೆಂದು ಫ್ಯಾಷನ್ ಚಿತ್ರದಲ್ಲಿ ಹೆಚ್ಚಿಸುತ್ತಾರೆ. ಮುಖದ ವಿವರ ಬಿಟ್ಟರೂ ತೊಂದರೆಯಿಲ್ಲ. ಇಲ್ಲಿ ಮಾತಾಡಬೇಕಾದದ್ದು ಬಟ್ಟೆ.

ನೆರಿಗೆ ಮತ್ತು ಬಣ್ಣ

ಬಟ್ಟೆಗೆ ಆಸರೆ ಇರುವಲ್ಲಿಂದ, ಅಂದರೆ ಭುಜ, ಸೊಂಟ, ಮೊಣಕೈಗಳಿಂದ ನೆರಿಗೆ ಹುಟ್ಟುತ್ತದೆ. ಜಾರ್ಜೆಟ್ ಇಳಿಬೀಳುತ್ತದೆ. ಗಂಜಿ ಹಾಕಿದ ಹತ್ತಿ ಸೆಟೆದು ನಿಲ್ಲುತ್ತದೆ. ಗೆರೆಯೂ ಹಾಗೆಯೇ ಇರಲಿ.

ಮೊದಲು ತೆಳು ಬಣ್ಣ ಬಳಿಯಿರಿ. ಅದು ಪೂರ್ತಿ ಒಣಗಿದ ಮೇಲೆ ನೆರಿಗೆಯ ಒಳಭಾಗಕ್ಕೆ ಗಾಢ ಬಣ್ಣ ಕೊಡಿ. ಜರಿಗೆ ಬರೀ ಹಳದಿ ಬಳಿದರೆ ಹೊಳಪು ಬಾರದು. ಅಲ್ಲಲ್ಲಿ ಹಾಳೆಯ ಬಿಳುಪನ್ನು ಹಾಗೇ ಬಿಟ್ಟು, ಹಳದಿಯ ಪಕ್ಕದಲ್ಲಿ ಕಂದು ಗೆರೆ ಎಳೆಯಿರಿ. ಎಲ್ಲ ಹೂಗಳನ್ನೂ ಬರೆಯಬೇಕಿಲ್ಲ. ಒಂದು ಕಡೆ ಪೂರ್ಣವಾಗಿ ಬರೆದು, ಉಳಿದೆಡೆ ಸೂಚಿಸಿದರೆ ಸಾಕು.

ಕತ್ತರಿಗೆ ಮುನ್ನ

ಈಗ ಎರಡನೆಯ ಚಿತ್ರ ಬರೆಯಿರಿ. ಅದೇ ಅಂಚು ಮಗಳ ಕುರ್ತಾದ ತೋಳಿಗೆ ಬಂದರೆ ಹೇಗಿರುತ್ತದೆ? ಸೆರಗು ದುಪಟ್ಟಾ ಆದರೆ? ಸವೆದ ಭಾಗವನ್ನು ಬಿಟ್ಟರೆ ಎಷ್ಟು ಉದ್ದ ಉಳಿಯುತ್ತದೆ? ಅಳತೆಗಳನ್ನು ಪಕ್ಕದಲ್ಲೇ ಬರೆದು ದರ್ಜಿಗೆ ತೋರಿಸಿ. ಹಾಳೆಯ ಮೇಲಿನ ತಪ್ಪನ್ನು ರಬ್ಬರಿನಿಂದ ಅಳಿಸಬಹುದು. ಕತ್ತರಿಯ ತಪ್ಪಿಗೆ ರಬ್ಬರಿಲ್ಲ. ಮಿಕ್ಕ ತುಂಡುಗಳು ಕೌದಿಗಾದವು.

ಮೊದಲ ಚಿತ್ರ ಸೊಟ್ಟಗಾದರೂ ಹರಿದು ಹಾಕಬೇಡಿ. ಅದರ ಹಿಂದೆ ಬಟ್ಟೆ ಯಾರದ್ದು, ಯಾವ ಸಂದರ್ಭದ್ದು, ಬಣ್ಣ ಯಾವುದು ಎಂದು ಬರೆದಿಡಿ. ಉಟ್ಟವರು ಹತ್ತಿರದಲ್ಲಿದ್ದರೆ ಅವರನ್ನೇ ಕೇಳಿ ಬರೆಯಿರಿ. ನಾವು ಕೇಳದೇ ಉಳಿದೆವು. ಅಜ್ಜಿಯ ಸೀರೆಯ ಬಣ್ಣವನ್ನು ಹೇಳಬಲ್ಲವರು ಈಗ ನಮ್ಮ ಮನೆಯಲ್ಲಿ ಯಾರೂ ಇಲ್ಲ.