ರೇಟಿನ ಸ್ಕ್ರೀನ್‌ಶಾಟ್ ಕಳಿಸೋ ಮುಂಚೆ ದಿನಾಂಕ ನೋಡಿ

ಕಳೆದ ಸೀಸನ್‌ನಲ್ಲಿ ನಮ್ಮ ವಾಟ್ಸಾಪ್ ಗ್ರೂಪಿಗೆ ಕೋಲಾರ ಮಾರುಕಟ್ಟೆಯ ಟೊಮೆಟೊ ರೇಟಿನ ಸ್ಕ್ರೀನ್‌ಶಾಟ್ ಬಂತು. ಒಳ್ಳೇ ರೇಟು. ಅದನ್ನು ನಂಬಿ ಒಬ್ಬ ಹುಡುಗ ತೋಟಕ್ಕೇ ಬಂದಿದ್ದ ವ್ಯಾಪಾರಿಯನ್ನು ವಾಪಸ್ ಕಳಿಸಿದ. ಮಾರನೇ ದಿನ ಗಾಡಿ ಮಾಡಿಕೊಂಡು ಮಂಡಿಗೆ ಹೋದರೆ ಅದರಲ್ಲಿ ಅರ್ಧವೂ ಸಿಗಲಿಲ್ಲ. ಆಮೇಲೆ ಗೊತ್ತಾಯ್ತು, ಆ ಸ್ಕ್ರೀನ್‌ಶಾಟ್ ಮೂರು ವಾರ ಹಳೆಯದು. ಕಳಿಸಿದವರು ಮೋಸ ಮಾಡಿರಲಿಲ್ಲ. ಚೆನ್ನಾಗಿ ಕಾಣಲಿ ಅಂತ ದಿನಾಂಕವಿದ್ದ ಮೇಲಿನ ಸಾಲನ್ನು ಕ್ರಾಪ್ ಮಾಡಿದ್ದರು, ಅಷ್ಟೇ.

ಸ್ಕ್ರೀನ್‌ಶಾಟ್ ತೆಗೆಯೋದು ನಿಮಗೆ ಗೊತ್ತೇ ಇದೆ. ಬಹುತೇಕ ಆಂಡ್ರಾಯ್ಡ್ ಫೋನಿನಲ್ಲಿ ಪವರ್ ಬಟನ್ ಮತ್ತು ವಾಲ್ಯೂಮ್ ಕಡಿಮೆ ಮಾಡುವ ಬಟನ್ ಒಟ್ಟಿಗೆ ಒತ್ತಿದರೆ ಆಯ್ತು. ಮೇಘದೂತ್ ಆ್ಯಪ್‌ನ ಕೃಷಿ ಸಲಹೆಯಂಥ ಉದ್ದದ ಬರಹವಾದರೆ, ತೆಗೆದ ಕೂಡಲೇ ಕೆಳಗೆ ಬರುವ ಸ್ಕ್ರಾಲ್ ಆಯ್ಕೆ ಒತ್ತಿ. ಪೂರ್ತಿ ಪುಟ ಒಂದೇ ಚಿತ್ರವಾಗುತ್ತೆ. ಇದು ಹಳೇ ಫೋನುಗಳಲ್ಲಿ ಇರಲಿಕ್ಕಿಲ್ಲ.

ಕಷ್ಟ ಇರೋದು ಏನನ್ನು ಉಳಿಸಬೇಕು ಅನ್ನೋದರಲ್ಲಿ. ಕೃಷಿ ಮಾರಾಟ ವಾಹಿನಿಯ ಪುಟದಿಂದ ರೇಟು ತೆಗೆದರೆ ದಿನಾಂಕ, ಮಾರುಕಟ್ಟೆಯ ಹೆಸರು, ತಳಿ, ಕನಿಷ್ಠ-ಗರಿಷ್ಠ ಬೆಲೆ ಎಲ್ಲಾ ಚಿತ್ರದೊಳಗೇ ಇರಬೇಕು. ಅಡಿಕೆಯವರನ್ನು ಕೇಳಿ ನೋಡಿ. ಸರಕು, ಬೆಟ್ಟೆ, ರಾಶಿ, ಗೊರಬಲು ಎಲ್ಲವೂ ಶಿವಮೊಗ್ಗದ ಅಡಿಕೆಯೇ, ಆದರೆ ಸರಕಿಗೂ ಗೊರಬಲಿಗೂ ಕ್ವಿಂಟಲ್‌ಗೆ ಸಾವಿರಾರು ರೂಪಾಯಿ ವ್ಯತ್ಯಾಸ. ತಳಿಯ ಹೆಸರು ಕತ್ತರಿಸಿಹೋದ ರೇಟು ಯಾರಿಗೆ ಬೇಕು? ಗರಿಷ್ಠ ಬೆಲೆಯೊಂದನ್ನೇ ಕ್ರಾಪ್ ಮಾಡಿ ಹಾಕುವವರೂ ಇದ್ದಾರೆ. ಆ ರೇಟು ಸಿಕ್ಕಿದ್ದು ಒಂದೆರಡು ಲಾಟಿಗೆ ಮಾತ್ರ ಇರಬಹುದು.

ಅಳತೆಯೂ ಅಷ್ಟೇ. ಕೋಲಾರದಲ್ಲಿ ಟೊಮೆಟೊ ಮಾತು 15 ಕೆಜಿ ಬಾಕ್ಸಿನ ಲೆಕ್ಕದಲ್ಲಿ, ವೆಬ್‌ಸೈಟಿನಲ್ಲಿ ಕ್ವಿಂಟಲ್ ಲೆಕ್ಕದಲ್ಲಿ. ಬಾಕ್ಸಿಗೆ 600 ಅಂದರೆ ಕ್ವಿಂಟಲ್‌ಗೆ 4,000. ಎರಡೂ ಒಂದೇ ರೇಟು, ಗ್ರೂಪಿನಲ್ಲಿ ಮಾತ್ರ ದಿನವಿಡೀ ಜಗಳ! ಚಿತ್ರದ ಕೆಳಗೆ ‘ಬಾಕ್ಸಿಗೆ’ ಅಥವಾ ‘ಕ್ವಿಂಟಲ್‌ಗೆ’ ಅಂತ ಒಂದು ಪದ ಟೈಪ್ ಮಾಡಿಬಿಡಿ.

ರೋಗದ ಫೋಟೋ ವಿಷಯಕ್ಕೆ ಬಂದರೆ ನನ್ನ ಸಲಹೆ ಬೇರೆ: ಸ್ಕ್ರೀನ್‌ಶಾಟ್ ಬೇಡವೇ ಬೇಡ. ಗ್ಯಾಲರಿಯಲ್ಲಿರುವ ಎಲೆಯ ಫೋಟೋವನ್ನು ಪರದೆ ಮೇಲೆ ತೆರೆದು ಅದರ ಸ್ಕ್ರೀನ್‌ಶಾಟ್ ಕಳಿಸ್ತಾರೆ. ಕ್ಯಾಮೆರಾ ಹಿಡಿದ ವಿವರವೆಲ್ಲ ಪರದೆಯಷ್ಟಕ್ಕೆ ಇಳಿಯುತ್ತೆ, ವಾಟ್ಸಾಪ್ ಅದನ್ನು ಮತ್ತೆ ಕುಗ್ಗಿಸುತ್ತೆ. ಮೆಣಸಿನಕಾಯಿ ಮುಟುರನ್ನೇ ತಗೊಳ್ಳಿ. ಎಲೆ ಮೇಲ್ಮುಖವಾಗಿ ಮುದುಡಿದ್ದರೆ ಥ್ರಿಪ್ಸ್, ಕೆಳಮುಖವಾಗಿದ್ದರೆ ಮೈಟ್ ನುಸಿ ಅಂತ ಸಾಮಾನ್ಯವಾಗಿ ಗುರುತಿಸ್ತೀವಿ. ಮೈಟ್‌ಗೆ ಗಂಧಕ ಹೊಡೀಬಹುದು, ಥ್ರಿಪ್ಸ್‌ಗೆ ಅದನ್ನು ನೆಚ್ಚಿಕೊಂಡರೆ ಖರ್ಚು ಮಾತ್ರ. ಮಸುಕು ಚಿತ್ರ ನೋಡಿ ಯಾರು ಏನು ಹೇಳಲಿ? ಇಡೀ ಗಿಡದ್ದೊಂದು, ಎಲೆಯ ಅಡಿಭಾಗದ್ದೊಂದು ಫೋಟೋ ತೆಗೆದು, ‘ಡಾಕ್ಯುಮೆಂಟ್’ ಆಯ್ಕೆಯಿಂದ ಮೂಲ ಫೈಲನ್ನೇ ಕಳಿಸಿ. ನೆಟ್ ನಿಧಾನ ಇದ್ದರೆ ಎಚ್‌ಡಿ ಆಯ್ಕೆಯಾದರೂ ಒತ್ತಿ.

ಇನ್ನು ಹಣದ ವಿಷಯ. ‘ದುಡ್ಡು ಹಾಕಿದ್ದೀನಿ ಅಣ್ಣ, ನೋಡಿ’ ಅಂತ ಯುಪಿಐ ಸ್ಕ್ರೀನ್‌ಶಾಟ್ ಬಂದ ಕೂಡಲೇ ಮಾಲು ಬಿಡಬೇಡಿ. ಅಂಥ ಚಿತ್ರವನ್ನು ಹೆಸರು, ಮೊತ್ತ ಬದಲಿಸಿ ಮಾಡೋದು ಐದು ನಿಮಿಷದ ಕೆಲಸ. ಬ್ಯಾಂಕಿನಿಂದ ಬರುವ ಎಸ್‌ಎಂಎಸ್ ಕೂಡ ನಕಲಿ ಇರಬಹುದು. ನಿಮ್ಮದೇ ಆ್ಯಪ್ ತೆರೆದು ಬ್ಯಾಲೆನ್ಸ್ ನೋಡಿ, ಅಥವಾ 12 ಅಂಕಿಯ ಯುಟಿಆರ್ ನಂಬರು ನಿಮ್ಮ ಖಾತೆಯ ವಿವರದಲ್ಲಿ ಇದೆಯಾ ಹುಡುಕಿ. ಅಲ್ಲೀವರೆಗೆ ಗಾಡಿ ನಿಂತಿರಲಿ, ವ್ಯಾಪಾರಿ ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ನೀವೇ ಕಳಿಸುವಾಗಲೂ ಸ್ವಲ್ಪ ಹುಷಾರು. ಸಬ್ಸಿಡಿ ಅರ್ಜಿಯಲ್ಲಿ ತೊಂದರೆ ಅಂತ ಗ್ರೂಪಿಗೆ ಹಾಕೋ ಸ್ಕ್ರೀನ್‌ಶಾಟ್‌ನಲ್ಲಿ ಆಧಾರ್, ಬ್ಯಾಂಕ್ ಖಾತೆ, ಕೆಲವೊಮ್ಮೆ ಮೇಲಿನಿಂದ ಇಳಿದ ಓಟಿಪಿ ಮೆಸೇಜೂ ಇರುತ್ತೆ. ಹೈಲೈಟರ್‌ನಂಥ ತೆಳು ಬಣ್ಣ ಬಳಿದರೆ ಸಾಲದು, ಚಿತ್ರದ ಬೆಳಕು ಹೆಚ್ಚಿಸಿದರೆ ಅಂಕಿ ಮತ್ತೆ ಕಾಣಬಹುದು. ತುದಿಯಲ್ಲಿದ್ದರೆ ಆ ಭಾಗವನ್ನೇ ಕತ್ತರಿಸಿ, ನಡುವೆ ಇದ್ದರೆ ಗಟ್ಟಿ ಕಪ್ಪು ಬಣ್ಣದಲ್ಲಿ ಪೂರ್ತಿ ಮುಚ್ಚಿ.